ಎರಡನೆಯ ಬ್ರೇಕು

ಗಾಡಿ ಇನ್ನೂ ಮನೆಯ ಗೇಟು ದಾಟಿರಲಿಲ್ಲ, ಅವಳಿಗೆ ಆಗಲೇ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ತೀರ್ಮಾನವಾಗಿರಲಿಲ್ಲ, ಆದರೆ ಕೈಗೆ ಸಿಗುವಷ್ಟು ಹತ್ತಿರ ಇದ್ದವನು ಗಂಡನೊಬ್ಬನೇ ಆದ್ದರಿಂದ ಅದು ಅವನ ಪಾಲಿಗೇ ಬರುವುದು ಗ್ಯಾರಂಟಿಯಾಗಿತ್ತು. ಅವನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಎದುರಿನ ಖಾಲಿ ಬೀದಿಯನ್ನು ಪ್ರಶ್ನೆಪತ್ರಿಕೆ ನೋಡುವ ಹಾಗೆ ನೋಡುತ್ತಿದ್ದ. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಬೇರೆ ಏನೂ ಇರಲಿಲ್ಲ, ಆ ನಾಯಿಯೂ ಪಕ್ಕದಲ್ಲಿ ಮಲಗಿತ್ತು. ಹೋಗಿ ಎಂದಳು. ಅವನು ಹಾರ್ನ್ ಹಾಕಿದ. ನಾಯಿ ತಲೆಯೆತ್ತಿ, ಇವನು ಸದ್ಯಕ್ಕೆ ಹೊರಡುವ ಪೈಕಿ ಅಲ್ಲ ಎಂದು ಲೆಕ್ಕ ಹಾಕಿ, ಮತ್ತೆ ಮಲಗಿತು. ಹೋಗ್ರೀ ಎಂದು ಇನ್ನೊಮ್ಮೆ ಹೇಳಿದಳು. ಹೋಗ್ತಿದ್ದೀನಿ ಮೇಡಂ ಎಂದ ಅವನು. ಮನೆಯೊಳಗೆ ಅವಳನ್ನು ಹೆಸರು ಹಿಡಿದು, ಕೆಲವೊಮ್ಮೆ ಹೆಸರನ್ನೂ ಹಿಡಿಯದೆ ಕರೆಯುವ ಈ ಮನುಷ್ಯ ಗಾಡಿಯೊಳಗೆ ಕೂತ ಕೂಡಲೇ ಮೇಡಂ ಎನ್ನಲು ಶುರುಮಾಡಿದ್ದ. ಮೊದಲ ದಿನ ತಮಾಷೆಗೆ ಅಂದದ್ದು, ಆಮೇಲೆ ಹೆದರಿಕೆಗೆ ಬಾಯಿಗೇ ಅಂಟಿಕೊಂಡಿತ್ತು.

ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವಳು ಅವಳು. ಜನ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆಯೂ ಅನ್ನುತ್ತಿದ್ದರು, ಎದುರಿಗೂ ಅನ್ನುತ್ತಿದ್ದರು, ಅವಳಿಗದು ಇಷ್ಟವೇ ಆಗಿತ್ತು. ಅವಳ ಗಾಡಿಯಲ್ಲಿ ಬ್ರೇಕು ಎರಡು. ಒಂದು ಎಲ್ಲರ ಗಾಡಿಯಲ್ಲಿರುವ ಹಾಗೆ ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲಡಿ. ಅವಳು ತನ್ನದನ್ನು ಒತ್ತಿದರೆ ಕೆಳಗಿನ ಕಬ್ಬಿಣದ ಸರಳು ಆ ಕಡೆಯದನ್ನೂ ಎಳೆದು ಇಳಿಸುತ್ತಿತ್ತು, ಕಲಿಯುವವರ ಕಾಲ ಕೆಳಗೆ ಬ್ರೇಕು ತಾನೇ ತಾನಾಗಿ ಕುಸಿಯುತ್ತಿತ್ತು. ಹೊಸಬರು ಬೆಚ್ಚಿಬೀಳುತ್ತಿದ್ದರು. ದೆವ್ವ ಅಲ್ಲ, ನಾನು ಎಂದು ಅವಳು ಹೇಳುವುದು ಮೊದಲ ಪಾಠ. ಬ್ಯಾಂಕಿನ ಕ್ಯಾಷಿಯರೊಬ್ಬರು ರಸ್ತೆಯ ಮೇಲೆ ಆಡುತ್ತಿದ್ದ ಮಗುವಿಗೆ ಟಾಟಾ ಮಾಡಲು ಹೋಗಿ ಅದರ ಮೇಲೆಯೇ ಗಾಡಿ ತಿರುಗಿಸಿದಾಗ ಆ ಮಗು ಉಳಿದದ್ದು ಈ ಕಾಲಿನಿಂದ. ಮಗುವಿನ ತಾಯಿ ಕಾಲು ಹಿಡಿಯಲು ಬಂದಿದ್ದಳು, ಇವಳು ಕ್ಯಾಷಿಯರಿಗೆ ಮಂಗಳಾರತಿ ಎತ್ತುವುದರಲ್ಲಿ ಮುಳುಗಿದ್ದರಿಂದ ಅದು ಗಮನಕ್ಕೇ ಬಂದಿರಲಿಲ್ಲ. ನನ್ನ ತಲೆ ಮರೆತರೂ ಕಾಲು ಮರೆಯಲ್ಲ ಎಂದು ಹೇಳಿಕೊಂಡು ತಿರುಗಿದವಳು ಅವಳು, ಅದೂ ಊರಲ್ಲೆಲ್ಲ ಹೇಳಿಕೊಂಡು.

ಗಂಡನಿಗೆ ಮಾತ್ರ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ವಾರ ಪ್ರಯತ್ನಪಟ್ಟಿದ್ದರು. ಅವನದು ಕನ್ನಡಕದ ಅಂಗಡಿ, ಗಾಜನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತಿಕ್ಕಿ ಕೂರಿಸುವ ಕೆಲಸ, ಹಾಗಾಗಿ ದೂರದಲ್ಲಿ ಹೋಗುವ ಲಾರಿಯ ನಂಬರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ, ಪಕ್ಕದಲ್ಲಿ ಬಂದ ಸೈಕಲ್ಲು ಕಾಣುತ್ತಿರಲಿಲ್ಲ. ವಾರದ ಕೊನೆಗೆ ಒಂದು ಕಾಂಪೌಂಡು ಬಿತ್ತು. ನಮಗೆ ಸಂಸಾರ ಬೇಕಾ ಗಾಡಿ ಬೇಕಾ ಎಂದು ಅವನೇ ಕೇಳಿ, ಸಂಸಾರ ಆರಿಸಿಕೊಂಡು, ಬಸ್ಸು ಹತ್ತಿದವನು ಅಲ್ಲಿಂದ ಇಳಿದದ್ದು ಈ ವರ್ಷ. ಕೀಮೋ ಶುರುವಾದ ಮೇಲೆ ಅವಳಿಗೆ ಟ್ಯಾಕ್ಸಿಯೊಳಗಿನ ಸುಗಂಧದ ಡಬ್ಬಿ ಕಂಡರೆ ಸಾಕು, ಹೊಟ್ಟೆ ಬಾಯಿಗೆ ಬರುತ್ತಿತ್ತು. ಒಬ್ಬ ಡ್ರೈವರು ಅವಳ ಅವಸ್ಥೆ ನೋಡಲಾರದೆ ಪಾಪ ಇನ್ನಷ್ಟು ಸುಗಂಧ ಸಿಂಪಡಿಸಿದ್ದ. ಅವಳು ಕೂರಬಹುದಾದ ಗಾಡಿ ಎಂದರೆ ಅವಳದೊಂದೇ. ಆದರೆ ಡ್ರಿಪ್ಪಿಗೆ ಮೊದಲು ಕೊಡುವ ಔಷಧಿಗೆ ಮಂಪರು ಬರುತ್ತದೆ, ಆ ದಿನ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ತಲೆ ನೆರೆಯುವ ವಯಸ್ಸಿನಲ್ಲಿ ಅವನು ಹೋಗಿ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು ಬಂದ, ಫೋಟೋದಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ.

ಬೇಗ ಸಿಕ್ಕಿತಲ್ಲ, ಅದೇ ಪುಣ್ಯ ಎಂದಿದ್ದಳು ಅವಳ ಅಕ್ಕ, ಕಳೆದುಹೋಗಿದ್ದ ಪರ್ಸು ಯಾರಿಗೋ ಸಿಕ್ಕಿ ತಂದುಕೊಟ್ಟರು ಎನ್ನುವ ಹಾಗೆ. ಎಲ್ಲರೂ ಹಾಗೇ ಅಂದರು. ಚಿಕ್ಕ ಗಂಟು, ಮೊದಲ ಹಂತ, ಆಪರೇಷನ್ ಆಗಿದೆ, ಇನ್ನು ಕೀಮೋ ಒಂದು ಮುಗಿದರೆ ಆಯಿತು. ಇಷ್ಟು ಅದೃಷ್ಟವಂತೆಯಾದವಳು ಅಳುವುದಾದರೂ ಹೇಗೆ? ಕೂದಲು ಹೋಯಿತು. ಅಕ್ಕ ತಂದುಕೊಟ್ಟ ಕೃತಕ ಕೂದಲಿನ ಟೋಪನ್ನು ಹಾಕಿಕೊಂಡಳು, ಗಂಡ ಮೊದಲ ಸಲ ಗಕ್ಕನೆ ಬ್ರೇಕು ಹಾಕಿದಾಗ ಅದು ಹಾರಿ ಮುಂದಿನ ಗಾಜಿನ ಬಳಿ ಕೂತಿತು, ಅವನು ಗಾಬರಿಯಲ್ಲಿ ಅದರ ಕಡೆ ತಿರುಗಿ ಸಾರಿ ಎಂದ. ಅವತ್ತಿನಿಂದ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಹುಬ್ಬು ಹೋದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು, ಒಂದು ನೆಟ್ಟಗೆ ಬಂದರೆ ಇನ್ನೊಂದು ಮೇಲಕ್ಕೆ ಹೋಗುತ್ತಿತ್ತು, ಗಂಡ ಅಂಗಡಿಯ ಅಳತೆಪಟ್ಟಿ ತಂದು ಎರಡರ ಎತ್ತರ ನೋಡಿ, ಎಡಗಡೆಯದು ನನ್ನನ್ನ ನಂಬ್ತಿಲ್ಲ ಎಂದಿದ್ದ. ನಾಲಿಗೆಗೆ ಎಲ್ಲವೂ ಕಬ್ಬಿಣ. ಸ್ಟೀಲು ಚಮಚ ಬಿಟ್ಟು ಪ್ಲಾಸ್ಟಿಕ್ಕಿನಲ್ಲಿ ತಿನ್ನಿ ಎಂದಿದ್ದರು, ಅವನೂ ಜೊತೆಗೆ ಅದರಲ್ಲೇ ತಿನ್ನಲು ಹೋಗಿ ದಿನಕ್ಕೊಂದು ಮುರಿಯುತ್ತಿದ್ದ. ಮಾತುಗಳು ಬೇಕಾದಾಗ ಬಾಯಿಗೆ ಬರುತ್ತಿರಲಿಲ್ಲ. ಒಂದು ಸಲ ಕ್ಲಚ್ಚು ಎನ್ನುವುದು ನೆನಪಾಗದೆ ಆ ಪಾತ್ರೆ ಒತ್ರೀ ಎಂದು ಕೂಗಿದಳು, ಅವನು ಮರುಮಾತಿಲ್ಲದೆ ಕ್ಲಚ್ಚು ಒತ್ತಿದ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ತಪ್ಪು ಹೇಳಿದರೂ ಸರಿಯಾಗಿ ಅರ್ಥ ಮಾಡಿಕೊಳ್ಳುವ ಗಂಡನ ಜೊತೆ ಜಗಳವಾಡುವುದು ಹೇಗೆ? ಬೈಗುಳಕ್ಕೆಲ್ಲ ಡ್ರಿಪ್ಪಿನ ಜೊತೆ ಕೊಡುವ ಮಾತ್ರೆಯೇ ಕಾರಣ, ತಲೆ ಬಿಸಿ ಮಾಡುತ್ತದಂತೆ ಎಂದು ಅವಳೇ ಒಂದು ದಿನ ಸಮಾಧಾನ ಹೇಳಿದಾಗ, ಮಾತ್ರೆ ಬಂದಿದ್ದು ಈ ವರ್ಷ ತಾನೇ ಎಂದು ಅವನು ಕೇಳಿದ್ದ.

ಇವನ್ನೆಲ್ಲ ಅವಳು ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಒಂದನ್ನು ಮಾತ್ರ ಹೇಳಿರಲಿಲ್ಲ. ಎರಡನೆಯ ಸುತ್ತಿನ ಔಷಧಿ, ವಾರಕ್ಕೊಂದರಂತೆ ಕೊಡುವುದು, ಶುರುವಾಗಿ ಕೆಲವು ವಾರಗಳಾದ ಮೇಲೆ ಅವಳ ಪಾದಕ್ಕೂ ನೆಲಕ್ಕೂ ನಡುವೆ ಯಾರೋ ದಪ್ಪನೆಯ ಕಾಲ್ಚೀಲ ತೊಡಿಸಿದ ಹಾಗಾಗಿತ್ತು. ಚಪ್ಪಲಿ ಕಳಚಿ ಬಿದ್ದರೆ ತಿಳಿಯುತ್ತಿರಲಿಲ್ಲ, ಅಡುಗೆಮನೆಯಿಂದ ಬಾಗಿಲವರೆಗೆ ಒಂದೇ ಚಪ್ಪಲಿಯಲ್ಲಿ ಓಡಾಡಿ, ಇನ್ನೊಂದಕ್ಕಾಗಿ ಮನೆಯೆಲ್ಲ ಹುಡುಕಿ, ಹಾಳಾದ್ದು ಎಲ್ಲಿ ಹೋಯ್ತೋ ಎಂದು ಗಂಡನನ್ನೂ ಹುಡುಕಲು ಹಚ್ಚುತ್ತಿದ್ದಳು. ಡ್ರಿಪ್ಪು ಹಾಕುವ ಮೊದಲು ಸಿಸ್ಟರು ಪ್ರತಿ ಸಲವೂ ಕೇಳುತ್ತಿದ್ದಳು, ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರು ಕೂಗುವ ರಾಗದಲ್ಲಿ: ಜ್ವರ, ವಾಂತಿ, ಬಾಯಿಹುಣ್ಣು, ಭೇದಿ, ಕೈಕಾಲು ಜೋಮು? ಭೇದಿಯವರೆಗೂ ಇವಳು ಧಾರಾಳವಾಗಿ ವರ್ಣಿಸುತ್ತಿದ್ದಳು. ಜೋಮು ಬಂದಾಗ ಇಲ್ಲ ಎನ್ನುತ್ತಿದ್ದಳು. ಡಾಕ್ಟರು ಶುರುವಿನಲ್ಲೇ ತಿಳಿಸಿ ಹೇಳಿದ್ದರು, ಮರಗಟ್ಟಿದರೆ ಮುಚ್ಚಿಡಬೇಡಿ, ಔಷಧಿ ಹೆಚ್ಚುಕಡಿಮೆ ಮಾಡಬೇಕಾಗುತ್ತದೆ, ಗಾಡಿಯ ಹತ್ತಿರವಂತೂ ಹೋಗಬೇಡಿ ಎಂದು. ಅವಳಿಗೆ ಕೇಳಿಸಿದ್ದು ಎರಡೇ ಮಾತು. ಔಷಧಿ ಕಡಿಮೆ ಮಾಡಿದರೆ ಆ ಗಂಟು ನಗುನಗುತ್ತಾ ವಾಪಸು ಬರುತ್ತದೆ. ಗಾಡಿಯಿಂದ ಇಳಿಸಿದರೆ ಬ್ರೇಕ್ ಮೇಡಂ ಕತೆ ಮುಗಿಯಿತು. ಎದೆಯಲ್ಲಿ ಒಂದು ಭಾಗ ಹೋಯಿತು, ತಲೆಯ ಮೇಲಿದ್ದದ್ದು ಹೋಯಿತು, ಹುಬ್ಬು ಹೋಯಿತು, ಅದನ್ನೆಲ್ಲ ಕೊಟ್ಟೆ, ಕಾಲು ಕೊಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಹೊಸ ಬ್ಯಾಚಿಗೆ ಸೋಮವಾರದಿಂದ ಬನ್ನಿ ಎಂದು ಹಿಂದಿನ ದಿನವಷ್ಟೇ ಫೋನು ಮಾಡಿ ಹೇಳಿದ್ದಳು. ಕಾಲಿನ ವಿಷಯ ಗಂಡನಿಗೂ ಹೇಳಿರಲಿಲ್ಲ.

ಗಾಡಿ ದೊಡ್ಡ ರಸ್ತೆಗೆ ಬಂತು, ಬಂತು ಎನ್ನುವುದಕ್ಕಿಂತ ತೆವಳಿತು. ಪ್ರತಿ ವಾರವೂ ಇದೇ ಗೋಳು. ಆಕ್ಸಿಲರೇಟರ್ ಒತ್ರೀ ಎಂದಳು. ಒತ್ತಿದ್ದೀನಿ ಎಂದ. ಇಂಜಿನ್ನು ಗೊರಗೊರ ಎಂದು ಅತ್ತಿತು, ಗಾಡಿ ಮಾತ್ರ ಜಪ್ಪಯ್ಯ ಅಂದರೂ ಮುಂದೆ ಹೋಗದು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದವು, ಒಬ್ಬ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಹಿಂದಿನ ಕೆಂಪು ಲೈಟು ಆರ್ತಾನೇ ಇಲ್ಲ ಕಣ್ರೀ ಎಂದು ಕೂಗಿ ಹೋದ. ಲೈಟು ಕೆಟ್ಟಿರಬೇಕು ಎಂದಳು ಅವಳು. ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಾ ಎಂದ ಗಂಡ, ಮೆಲ್ಲಗೆ. ನನಗೆ ನೀವು ಮಾಡೋ ಕಾಫಿಯೂ ಸುಟ್ಟ ವಾಸನೆಯೇ, ಅದನ್ನ ಹಿಡ್ಕೊಂಡು ಕೂತರೆ ಆಗುತ್ತಾ ಎಂದಳು. ಆಮೇಲೆ ಶುರುವಾಯಿತು ಅವಳ ಉಪನ್ಯಾಸ. ಹೆದರುಪುಕ್ಕಲರಿಗೆ ಗಾಡಿ ಅಲ್ಲ, ನಮ್ಮ ಬ್ಯಾಚಿನ ಅಜ್ಜಿಯರೂ ಇದಕ್ಕಿಂತ ಚೆನ್ನಾಗಿ ಓಡಿಸುತ್ತಾರೆ, ಗಾಜು ತಿಕ್ಕಿದ ಹಾಗೆ ಅಲ್ಲ ಇದು, ಜೀವ ಇರೋ ವಸ್ತು. ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಕ್ಯಾಷಿಯರಿಗೆ ಬೈದದ್ದು ಒಂದು ಮಗುವಿನ ಜೀವಕ್ಕೆ, ಇವನಿಗೆ ಬೈಯುತ್ತಿರುವುದು ಯಾತಕ್ಕೆ ಎಂದು ನಡುವೆ ಒಮ್ಮೆ ಅನ್ನಿಸಿತು, ಆದರೆ ಬೈಗುಳ ಅರ್ಧದಲ್ಲಿ ನಿಲ್ಲಿಸುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಆಸ್ಪತ್ರೆಯ ಗೇಟಿಗೆ ಒಂದು ಏರು ಇದೆ. ಕಾಯಿಲೆಯವರು ಬರುವ ಜಾಗಕ್ಕೆ ಏರು ಇಟ್ಟವನು ಯಾವ ಪುಣ್ಯಾತ್ಮನೋ. ಗಾಡಿ ಅರ್ಧಕ್ಕೆ ಹೋಗಿ ನಿಂತಿತು, ಹಿಂದಿನ ವಾರವೂ ಅಲ್ಲೇ ನಿಂತಿತ್ತು, ಅದರ ಹಿಂದಿನ ವಾರವೂ. ಹಿಂದೆ ಆಂಬುಲೆನ್ಸೊಂದು ಬಂದು ಊಳಿಡತೊಡಗಿತು. ಇಳಿದು ನಡೆದೇ ಹೋಗುತ್ತೇನೆ, ನೀವು ಇಲ್ಲೇ ಮನೆ ಮಾಡಿಕೊಂಡಿರಿ ಎಂದು ಅವಳು ಚಪ್ಪಲಿಗಾಗಿ ಬಗ್ಗಿ ನೋಡಿದಳು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲಿನದು ಸೀಟಿನ ಕೆಳಗೆ ಮಗುಚಿ ಬಿದ್ದಿತ್ತು. ಬಲಗಾಲು ಬ್ರೇಕಿನ ಮೇಲಿತ್ತು. ಮೇಲಿತ್ತು ಅಷ್ಟೇ ಅಲ್ಲ, ಒತ್ತಿಕೊಂಡಿತ್ತು, ಬೆರಳುಗಳ ತುದಿ ಬೆಳ್ಳಗಾಗುವಷ್ಟು. ಯಾರದೋ ಕಾಲನ್ನು ನೋಡುವ ಹಾಗೆ ಅವಳು ಅದನ್ನು ನೋಡಿದಳು. ಉಗುರುಗಳು ಕಂದಿದ್ದವು, ಹಿಮ್ಮಡಿ ಒಡೆದಿತ್ತು, ಪಾಪ ತನ್ನ ಕೆಲಸ ತಾನು ಮಾಡಿಕೊಂಡು ಕೂತಿತ್ತು. ಎತ್ತು ಎಂದು ಒಳಗೊಳಗೇ ಹೇಳಿದಳು, ಎತ್ತಿತೋ ಇಲ್ಲವೋ ಗೊತ್ತಾಗಲಿಲ್ಲ. ಕೊನೆಗೆ ಕೈಯಿಂದ ಮೊಣಕಾಲು ಹಿಡಿದು ಎತ್ತಿದಳು. ಗಾಡಿ ಕಟ್ಟು ಬಿಚ್ಚಿದ ಕರುವಿನ ಹಾಗೆ ಒಂದೇ ನೆಗೆತಕ್ಕೆ ಏರು ಹತ್ತಿ, ಹೂಕುಂಡದ ಪಕ್ಕದಲ್ಲಿ ಹೋಗಿ ನಿಂತಿತು. ಈ ಸಲ ನಿಲ್ಲಿಸಿದ್ದು ಅವನು, ಅವನ ಬ್ರೇಕಿನಿಂದ. ಹತ್ತಿತು ನೋಡಿ ಮೇಡಂ ಎಂದ. ಅವಳು ಬಗ್ಗಿ ಸೀಟಿನ ಕೆಳಗಿನ ಚಪ್ಪಲಿ ಎತ್ತಿಕೊಂಡಳು.

ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲಿಫ್ಟಿನಲ್ಲಿ, ಉದ್ದನೆಯ ಓಣಿಯಲ್ಲಿ, ತೂಕದ ಯಂತ್ರದ ಮೇಲೆ ನಿಂತಾಗ, ಒಂದೊಂದೇ ಬೈಗುಳ ಸಾಲಾಗಿ ವಾಪಸು ಬಂದು ಅವಳನ್ನೇ ಕೇಳುತ್ತಿತ್ತು. ಹೆದರುಪುಕ್ಕಲ. ಅಜ್ಜಿಯರಿಗಿಂತ ಕಡೆ. ಇಷ್ಟು ವಾರಗಳಿಂದ ಅವನನ್ನು ಹಿಡಿದು ನಿಲ್ಲಿಸಿದವಳು ತಾನು, ನಿಂತದ್ದಕ್ಕೆ ಬೈದವಳೂ ತಾನು. ಸೋಮವಾರ ಬರುವ ಹೊಸಬರಲ್ಲಿ ಒಬ್ಬಳು ಬಸುರಿ ಇದ್ದಾಳೆ ಎಂದು ನೆನಪಾಯಿತು. ಬೇಡದಾಗ ಒತ್ತಿದ ಕಾಲು ಬೇಕಾದಾಗ ಒತ್ತುತ್ತದೆ ಎಂದು ಯಾರು ಹೇಳಬೇಕು? ಕುರ್ಚಿಯಲ್ಲಿ ಒರಗಿ ಕೂತಳು. ಗಂಡ ಪಕ್ಕದ ಸ್ಟೂಲಿನ ಮೇಲೆ ಅವಳ ಬ್ಯಾಗು ತಬ್ಬಿಕೊಂಡು ಕೂತ. ಸಿಸ್ಟರು ಬಂದು ರಾಗ ಶುರುಮಾಡಿದಳು. ಜ್ವರ ಇಲ್ಲ. ವಾಂತಿ ಒಂದೆರಡು ಸಲ. ಬಾಯಿಹುಣ್ಣು ಇದೆ, ಎಡಗಡೆ. ಕೈಕಾಲು ಜೋಮು? ಇಲ್ಲ ಎಂದು ನಾಲಿಗೆ ತಾನಾಗಿಯೇ ಹೇಳಿತು, ಅದೂ ಕಾಲಿನ ಜೊತೆ ಸೇರಿಕೊಂಡ ಹಾಗೆ. ಸಿಸ್ಟರು ಔಷಧಿ ತರಲು ಹೋದಳು. ಗಂಡ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ಕೂತಿದ್ದ.

"ಒಂದು ವಿಷಯ ಹೇಳ್ಬೇಕು ರೀ," ಎಂದಳು. "ಗಾಡಿ ಹತ್ತದೇ ಇದ್ದದ್ದು ನಿಮ್ಮಿಂದ ಅಲ್ಲ. ನನ್ನ ಕಾಲು ಬ್ರೇಕಿನ ಮೇಲಿತ್ತು."

"ಗೊತ್ತು," ಎಂದ ಅವನು.

ಅವಳು ಪೆಚ್ಚಾದಳು. ಗೊತ್ತಿರದೆ ಇನ್ನೇನು! ಸರಳು ಎಳೆದರೆ ಅವನ ಕಾಲಡಿಯ ಬ್ರೇಕೂ ಇಳಿಯುತ್ತದೆ, ಸಾವಿರ ಸಲ ಬೇರೆಯವರಿಗೆ ಪಾಠ ಹೇಳಿದವಳು ಅವಳೇ, ದೆವ್ವ ಅಲ್ಲ ನಾನು ಎಂದು. ಇಷ್ಟು ವಾರಗಳಿಂದಲೂ ಅವನ ಪಾದದ ಕೆಳಗೆ ಅವಳ ಪಾದ ಕೂತಿತ್ತು, ಅವನು ಅದರ ವಿರುದ್ಧ ಇಂಜಿನ್ನು ಎಳೆದುಕೊಂಡು, ಬೈಸಿಕೊಂಡು, ಬೆವರು ಸುರಿಸಿಕೊಂಡು ಬಂದಿದ್ದ.

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ರಿ ಇಷ್ಟು ದಿನ?"

ಅವನು ಜಿಪ್ಪು ಬಿಟ್ಟ. "ಬೇಕಂತಲೇ ಒತ್ತಿದ್ದೀಯ ಅಂದ್ಕೊಂಡೆ. ಇಲ್ಲಿಗೆ ಬರೋಕೆ ನಿಂಗೆ ಇಷ್ಟ ಇಲ್ಲ, ಬಾಯಿ ಬಿಟ್ಟು ಹೇಳೋಕೂ ಆಗ್ತಿಲ್ಲ ಅಂತ. ಬೈದುಕೊಂಡು ಬಂದ್ರೂ ಬರ್ತಿದ್ದೀಯಲ್ಲ, ಬಾ ಅಂತ ಸುಮ್ಮನಿದ್ದೆ."

ಹಾಗೇನಿಲ್ಲ, ಅಷ್ಟು ಪುಕ್ಕಲಿಯಲ್ಲ ನಾನು, ಕಾಲಿಗೆ ಸ್ಪರ್ಶವೇ ಇಲ್ಲ, ಎಲ್ಲಿಟ್ಟಿದ್ದೇನೆ ಎಂದೇ ತಿಳಿಯುವುದಿಲ್ಲ, ಅದಕ್ಕೆ ಹಾಗಾಯಿತು ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಮುಚ್ಚಿಟ್ಟದ್ದು ಹೊರಬಿದ್ದದ್ದೂ ಅವಳಿಗೆ ತಕ್ಷಣ ಹೊಳೆಯಲಿಲ್ಲ. ಅವನು ಬಾಗಿ ಅವಳ ಕಾಲು ನೋಡಿದ, ಅಂಗಡಿಯಲ್ಲಿ ಗಾಜಿನ ಗೀರು ಹುಡುಕುವ ಹಾಗೆ. ಹೆಬ್ಬೆರಳನ್ನು ಹಿಡಿದು ಹಿಂಡಿದ. ಹಿಡಿದದ್ದು ಕಣ್ಣಿಗೆ ಕಂಡಿತು, ಅಷ್ಟೇ. ಎಷ್ಟು ದಿನ ಆಯ್ತು ಎಂದು ಕೇಳಿದ, ವಾರಗಳೇ ಆದವು ಎಂದಳು.

"ಆದ್ರೂ," ಎಂದ, "ವಾಪಸ್ ಹೋಗುವಾಗ ಒಂದು ಸಲಾನೂ ಒತ್ತಿಲ್ಲ ನೀನು."

ಹೌದಲ್ಲ. ಮನೆಗೆ ಹೋಗುವಾಗ ಗಾಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತಿತ್ತು. ಬೆಳಿಗ್ಗೆ ಇಂಜಿನ್ನು ತಣ್ಣಗಿರುತ್ತದೆ, ಸಂಜೆಗೆ ಬಿಸಿಯಾಗಿರುತ್ತದೆ ಎಂದು ಅವಳೇ ಕಾರಣ ಹೇಳಿದ್ದಳು. ಅದೇ ಕಾಲು, ಅದೇ ಜೋಮು, ಡ್ರಿಪ್ಪಾದ ಮೇಲೆ ಮಂಪರು ಬೇರೆ. ಅವಳು ಎಲ್ಲರನ್ನೂ ನಗಿಸಿಕೊಂಡು, ಅದೃಷ್ಟವಂತೆಯ ಮುಖ ಹೊತ್ತು, ಹುಬ್ಬು ಬರೆದುಕೊಂಡು, ಹೋಗಿ ಹೋಗಿ ಎಂದು ಗಂಡನನ್ನು ಅಟ್ಟಿಕೊಂಡು ಬರುತ್ತಿದ್ದಾಗ ಆ ಕಾಲೊಂದು ಮಾತ್ರ ಬೇಡ, ಹೆದರಿಕೆಯಾಗುತ್ತದೆ, ನಾನು ಬರಲ್ಲ ಎನ್ನುತ್ತಿತ್ತು. ಹೆದರಿಕೆ ಆಗಿತ್ತು ಅವಳಿಗೆ. ಗಂಟು ಸಿಕ್ಕಿದ ದಿನದಿಂದ ಆಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ, ಇವನೊಬ್ಬ ಅಂಗಾಲಿನಲ್ಲಿ ಕೇಳಿಸಿಕೊಂಡು ತೆಪ್ಪಗಿದ್ದ. ಅವಳಿಗೆ ಅಳು ಬಂತು. ಜೊತೆಗೇ ನಗುವೂ ಬಂತು, ಎರಡೂ ಬಾಗಿಲಲ್ಲಿ ಒಟ್ಟಿಗೆ ಸಿಕ್ಕಿಹಾಕಿಕೊಂಡವು. ಬರೆದ ಹುಬ್ಬು ಒರೆಸಿಹೋಗಿ ಕೆನ್ನೆಗೆ ಇಳಿಯಿತು. ಗಂಡ ಕರವಸ್ತ್ರವೆಂದು ಕೊಟ್ಟದ್ದು ಕನ್ನಡಕ ಒರೆಸುವ ಹಳದಿ ಬಟ್ಟೆ. ಮೂಗನ್ನೂ ಅದರಲ್ಲೇ ಒರೆಸಿಕೊಂಡಳು. ಅವನಿಗೆ ಸಂಕಟವಾಗಿರಬೇಕು.

ಸಿಸ್ಟರು ಔಷಧಿಯ ಬಾಟಲಿ ಹಿಡಿದು ಬಂದಳು.

"ಸಿಸ್ಟರ್, ಆ ಕೊನೇ ಪ್ರಶ್ನೆ ಇನ್ನೊಂದ್ಸಲ ಕೇಳಿ," ಎಂದಳು ಅವಳು.

ಡಾಕ್ಟರು ಬಂದರು, ಸೂಜಿಯ ಮೊನೆಯಿಂದ, ಹತ್ತಿಯಿಂದ, ಕಣ್ಣು ಮುಚ್ಚಿಸಿ ಪಾದವನ್ನೆಲ್ಲ ಮುಟ್ಟಿ ನೋಡಿದರು, ಮುಟ್ಟಿದಾಗ ಹೇಳಿ ಎಂದರು. ಅವಳು ಕಾಯುತ್ತಾ ಕೂತಳು. ಯಾವಾಗ ಮುಟ್ಟುತ್ತೀರಿ ಎಂದು ಅವಳು ಕೇಳುವ ಹೊತ್ತಿಗೆ ಅವರು ಮುಗಿಸಿಯಾಗಿತ್ತು. ಸಿಕ್ಕಾಪಟ್ಟೆ ಬೈದರು. ಅವಳು ನೆಲ ನೋಡುತ್ತಾ ಬೈಸಿಕೊಂಡಳು, ಬೈಸಿಕೊಳ್ಳುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ. ಆವತ್ತಿನ ಡ್ರಿಪ್ಪು ನಿಲ್ಲಿಸಿದರು, ಮುಂದಿನ ವಾರದಿಂದ ಸ್ವಲ್ಪ ಇಳಿಸಿ ಕೊಡೋಣ ಎಂದರು, ಗಂಟು ನಗುತ್ತಾ ವಾಪಸು ಬಂದರೆ ಎಂದು ಅವಳು ಕೇಳಿದ್ದಕ್ಕೆ ಅಷ್ಟಕ್ಕೆಲ್ಲ ಬರುವುದಿಲ್ಲ ಎಂದರು. ಸ್ಪರ್ಶ ಸಾಮಾನ್ಯವಾಗಿ ನಿಧಾನಕ್ಕೆ ವಾಪಸು ಬರುತ್ತದೆ, ಬರುವವರೆಗೆ ಪಾಠ ಹೇಳುವ ಹಾಗಿಲ್ಲ. ಗಂಡನ ಪಕ್ಕ ಕೂರಬಹುದಾ ಎಂದು ಅವಳು ಕೇಳಿದಳು. ಅದು ನಿಮ್ಮಿಬ್ಬರ ಧೈರ್ಯಕ್ಕೆ ಬಿಟ್ಟದ್ದು, ಕಾಲು ಮಾತ್ರ ಬ್ರೇಕಿನ ಹತ್ತಿರ ಬೇಡ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಅವಳೇ ಹೊಸ ಬ್ಯಾಚಿನ ಒಬ್ಬೊಬ್ಬರಿಗೂ ಫೋನು ಮಾಡಿ ಸೋಮವಾರ ಬೇಡ ಎಂದಳು. ಬಸುರಿಗೆ ಹೇಳುವುದನ್ನು ಕೊನೆಗೆ ಇಟ್ಟುಕೊಂಡಳು. ಆ ಹುಡುಗಿ, ಪರವಾಗಿಲ್ಲ ಮೇಡಂ, ನೀವು ಹುಷಾರಾಗಿ, ಹೆರಿಗೆ ಆದ ಮೇಲೇ ಬರ್ತೀನಿ ಎಂದಳು.

ಮುಂದಿನ ವಾರ ಅವಳು ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎರಡೂ ಚಪ್ಪಲಿಗಳನ್ನು ಮಡಿಲಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷಗಳಲ್ಲಿ ಬ್ರೇಕಿಲ್ಲದೆ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹುಬ್ಬು ಬರೆದುಕೊಂಡಿರಲಿಲ್ಲ. ನಾಯಿ ಎದ್ದು ನಿಂತು ನೋಡಿತು. ಗಾಡಿ ಗೇಟು ದಾಟಿ ಹೊರಟೇ ಹೋಯಿತು. ಲಾರಿ ಬಂದಾಗ ಚಪ್ಪಲಿ ಹಿಸುಕಿದಳು. ಹೆದರಿಕೆಯಾಗ್ತಿದೆ ರೀ ಎಂದು, ಬೈಯುವುದಕ್ಕೆ ಬದಲು, ನೇರವಾಗಿ ಹೇಳಿಬಿಟ್ಟಳು. ಲಾರಿಗಾ, ಆಸ್ಪತ್ರೆಗಾ ಎಂದು ಅವನು ಕೇಳಿದ. ಎರಡಕ್ಕೂ ಎಂದಳು. ನಂಗೂ ಎರಡಕ್ಕೂ ಎಂದ ಅವನು, ಲಾರಿಯ ನಂಬರನ್ನು ಗಟ್ಟಿಯಾಗಿ ಓದಿ ಹೇಳಿ, ಅದರ ಹಿಂದೆ ಅಂತರ ಬಿಟ್ಟು ಸರಾಗವಾಗಿ ಹೋದ. ಪಕ್ಕದಲ್ಲಿ ಬಂದ ಸೈಕಲ್ಲಿಗೂ ಜಾಗ ಬಿಟ್ಟ. ಹಿಂದೆ ಯಾರೂ ಬೊಬ್ಬೆ ಹಾಕಲಿಲ್ಲ. ಏರನ್ನು ಒಂದೇ ಉಸಿರಿಗೆ ಹತ್ತಿ ಹೂಕುಂಡದ ಪಕ್ಕ ಅಚ್ಚುಕಟ್ಟಾಗಿ ನಿಲ್ಲಿಸಿದ.

ಎಂದಿಗಿಂತ ಎಷ್ಟೋ ಮೊದಲು ಬಂದಿದ್ದರು. ಹೊರರೋಗಿಗಳ ಕಡೆಯ ದೀಪಗಳನ್ನು ಇನ್ನೂ ಹಾಕಿರಲಿಲ್ಲ, ಆ ಕಡೆಯ ಗಾಜಿನ ಬಾಗಿಲಿಗೆ ಬೀಗವಿತ್ತು, ಆಯಾ ಒಬ್ಬಳು ಒಳಗಿನಿಂದಲೇ ಕೈ ಅಲ್ಲಾಡಿಸಿ ಆಮೇಲೆ ಬನ್ನಿ ಎಂದಳು.

"ಏನು ಅವಸರ ಇತ್ತು ನಿಮಗೆ?" ಎಂದಳು ಅವಳು.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಒಂದು ಸುತ್ತು ಹೋಗಿ ಬರೋಣವಾ ಎಂದು ಕೇಳಿದ. ಅವಳು ಮಡಿಲಿನ ಚಪ್ಪಲಿಗಳನ್ನು ಹಿಂದಿನ ಸೀಟಿಗೆ ಎಸೆದಳು.

"ಗೇರ್ ಹಾಕಿ," ಎಂದಳು.